ಕಾವೇರಿ ತೀರದಲ್ಲಿ ಗೀತೆ ಓದಿದ ಕ್ರೈಸ್ತ ಸನ್ಯಾಸಿ



ನಿಮ್ಮ ಮಗಳಿಗೆ ಕಾಲೇಜಿನ ಸ್ಪರ್ಧೆಯೊಂದರಲ್ಲಿ ಬಹುಮಾನ ಬಂದಿದೆ ಎಂದುಕೊಳ್ಳಿ. ಬಹುಮಾನವಾಗಿ ಸಿಕ್ಕಿದ್ದು ಭಗವದ್ಗೀತೆಯ ಒಂದು ಕನ್ನಡ ಅನುವಾದ. ಅವಳು ಅದನ್ನು ಸಂತೋಷದಿಂದ ತಂದು ಮನೆಯ ಬೈಬಲಿನ ಪಕ್ಕದಲ್ಲಿ ಇಡುತ್ತಾಳೆ. ಅಜ್ಜಿಗೆ ಕಸಿವಿಸಿ. ಅಪ್ಪನಿಗೆ ಏನು ಹೇಳಬೇಕೋ ತೋಚದು. ಸಂಜೆ ಜಪಸರಕ್ಕೆ ಕುಳಿತಾಗಲೂ ಎಲ್ಲರ ಕಣ್ಣು ಆ ಪುಸ್ತಕದ ಕಡೆಗೇ. ಇದನ್ನು ಓದಿದರೆ ಪಾಪವೇ? ಮಗಳ ವಿಶ್ವಾಸ ಸಡಿಲವಾದೀತೇ? ಓದಬೇಡ ಎಂದರೆ ನಾವು ಸಣ್ಣ ಮನಸ್ಸಿನವರಾಗುತ್ತೇವೆಯೇ?

ಈ ಪ್ರಶ್ನೆಗಳನ್ನು ನಗಣ್ಯವೆಂದು ತಳ್ಳಿಹಾಕಬೇಡಿ. ಹಿಂದೂ ಬಾಂಧವರ ನಡುವೆ ಬಾಳುವ ನಮಗೆ ಇವು ಬಂದೇ ಬರುತ್ತವೆ. ಇವಕ್ಕೆ ಪುಸ್ತಕದ ಉತ್ತರಕ್ಕಿಂತ ಒಂದು ಬಾಳಿನ ಉತ್ತರ ಹೆಚ್ಚು ಪ್ರಯೋಜನಕಾರಿ. ಅಂಥ ಒಂದು ಬಾಳು ಫಾದರ್ ಬೀಡ್ ಗ್ರಿಫಿತ್ಸ್ ಅವರದು. ಇಂಗ್ಲೆಂಡಿನಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನ ಕೆಂಗೇರಿಯಲ್ಲಿ ಭಾರತದ ಬದುಕನ್ನು ಆರಂಭಿಸಿ, ಕಾವೇರಿಯ ದಡದಲ್ಲಿ ಕಣ್ಣುಮುಚ್ಚಿದ ಈ ಬೆನೆಡಿಕ್ಟ್ ಸಭೆಯ ಸನ್ಯಾಸಿಯ ಕಥೆಯನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ.

ಒಂದು ಸಂಜೆಯ ಕರೆ

1906ರ ಡಿಸೆಂಬರ್ 17ರಂದು ಇಂಗ್ಲೆಂಡಿನ ವಾಲ್ಟನ್-ಆನ್-ಥೇಮ್ಸ್ ಎಂಬ ಊರಿನಲ್ಲಿ ಅವರ ಜನನ. ತಂದೆತಾಯಿ ಇಟ್ಟ ಹೆಸರು ಅಲನ್ ರಿಚರ್ಡ್. ಮನೆಯವರು ಆಂಗ್ಲಿಕನ್ ಸಭೆಗೆ ಸೇರಿದವರು. ಅಲನ್ ಚಿಕ್ಕವನಾಗಿದ್ದಾಗಲೇ ವ್ಯಾಪಾರದ ಪಾಲುದಾರನಿಂದ ತಂದೆ ಮೋಸಹೋದರು, ಕುಟುಂಬ ಬಡತನಕ್ಕೆ ಬಿತ್ತು. ಆಳುಕಾಳುಗಳಿದ್ದ ಮನೆ ಬಿಟ್ಟು ಸಣ್ಣ ಮನೆಗೆ ಬಂದ ತಾಯಿ ತಾವೇ ಮನೆಗೆಲಸವನ್ನೆಲ್ಲ ಮಾಡಿ ಮಕ್ಕಳನ್ನು ಸಾಕಿದರು. ಅಲನ್ ಓದಿದ್ದು ಬಡ ಮಕ್ಕಳಿಗಾಗಿ ಸ್ಥಾಪಿತವಾದ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆಯಲ್ಲಿ.

ಶಾಲೆಯ ಕೊನೆಯ ದಿನಗಳಲ್ಲಿ ಒಂದು ಸಂಜೆ ಹುಡುಗ ಒಬ್ಬನೇ ಬಯಲಿನಲ್ಲಿ ನಡೆದು ಹೋಗುತ್ತಿದ್ದ. ಹಕ್ಕಿಗಳ ಹಾಡು, ಹೂ ಬಿಟ್ಟ ಗಿಡಗಳು, ಮುಳುಗುತ್ತಿದ್ದ ಸೂರ್ಯ ಎಲ್ಲವೂ ಅಂದು ಅವನಿಗೆ ಹೊಸದಾಗಿ ಕಂಡವು. ಮಂಡಿಯೂರಬೇಕೆಂಬ ಭಕ್ತಿಭಾವ ಮನಸ್ಸನ್ನು ತುಂಬಿತು. ಸೃಷ್ಟಿಯ ಹಿಂದೆ ಒಂದು ಪವಿತ್ರ ಸಾನ್ನಿಧ್ಯವಿದೆ ಎಂದು ಅವನಿಗೆ ಅನಿಸಿತು. ಅದು ಯಾರೆಂದು ತಿಳಿಯಲಿಲ್ಲ. ಮುಂದಿನ ಇಡೀ ಬಾಳು ಆ ಸಂಜೆಯ ಬೆನ್ನುಹತ್ತಿದ ಹುಡುಕಾಟವಾಯಿತು.

1925ರಲ್ಲಿ ಆಕ್ಸ್‌ಫರ್ಡ್ ಸೇರಿದಾಗ ಅವರಿಗೆ ಚರ್ಚಿನಲ್ಲಿ ಆಸಕ್ತಿ ಉಳಿದಿರಲಿಲ್ಲ. ಅಲ್ಲಿ ಅವರ ಶಿಕ್ಷಕರಾಗಿದ್ದವರು ಮುಂದೆ ಪ್ರಸಿದ್ಧ ಕ್ರೈಸ್ತ ಲೇಖಕರಾದ ಸಿ. ಎಸ್. ಲೂಯಿಸ್. ಲೂಯಿಸ್ ಕೂಡ ಆಗ ವಿಶ್ವಾಸಿಯಾಗಿರಲಿಲ್ಲ. ಗುರುಶಿಷ್ಯರಿಬ್ಬರೂ ಓದುತ್ತ, ಪತ್ರ ಬರೆಯುತ್ತ, ವಾದಿಸುತ್ತ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕ್ರಿಸ್ತನ ಬಳಿಗೆ ಬಂದರು. ಮುಂದೆ ಲೂಯಿಸ್ ತಮ್ಮ ಆತ್ಮಕಥೆಯನ್ನು ಈ ಶಿಷ್ಯನಿಗೇ ಅರ್ಪಿಸಿದರು.

ಆ ಯೌವನದ ದಿನಗಳಲ್ಲೇ ಪೂರ್ವದೇಶದ ಮೂರು ಗ್ರಂಥಗಳು ಇಂಗ್ಲಿಷ್ ಅನುವಾದದಲ್ಲಿ ಅಲನ್ ಕೈಗೆ ಬಂದವು: ಭಗವದ್ಗೀತೆ, ಬುದ್ಧನ ಧಮ್ಮಪದ, ಚೀನಾದ ಲಾವೋತ್ಸೆಯ ಗ್ರಂಥ. ಅವುಗಳಲ್ಲಿದ್ದುದೆಲ್ಲ ಆಗ ಅರ್ಥವಾಗಲಿಲ್ಲ. ಆದರೆ ದೇವರನ್ನು ಹಂಬಲಿಸುವ ಹೃದಯಗಳು ದೂರದೇಶಗಳಲ್ಲೂ ಇವೆ ಎಂಬ ಬೀಜ ಮನಸ್ಸಿನಲ್ಲಿ ಬಿತ್ತು. ಅದು ಮೊಳೆಯಲು ಬಹಳ ವರ್ಷ ಬೇಕಾಯಿತು.

ಮೊದಲು ಬೈಬಲ್

ಓದುಗರೇ, ಇಲ್ಲಿ ಒಂದು ಮಾತನ್ನು ಗಮನಿಸಿ. ಗೀತೆಯನ್ನು ಓದಿದ ಯುವಕ ತಕ್ಷಣ ಭಾರತಕ್ಕೆ ಓಡಿಬರಲಿಲ್ಲ. ದೇವರು ಅವರನ್ನು ಮೊದಲು ಕರೆದೊಯ್ದದ್ದು ಬೈಬಲಿನ ಬಳಿಗೆ.

1930ರಲ್ಲಿ ಅಲನ್ ಮತ್ತು ಇಬ್ಬರು ಗೆಳೆಯರು ಇಂಗ್ಲೆಂಡಿನ ಈಸ್ಟಿಂಗ್ಟನ್ ಎಂಬ ಹಳ್ಳಿಯಲ್ಲಿ ಒಂದು ಸಣ್ಣ ಮನೆ ಹಿಡಿದು, ಯಂತ್ರನಾಗರಿಕತೆಯ ಸೌಕರ್ಯಗಳನ್ನು ಬಿಟ್ಟು, ಹಸು ಕರೆದು ಹಾಲು ಮಾರಿ ಸರಳವಾಗಿ ಬಾಳಲು ಹೊರಟರು. ಆ ಪ್ರಯೋಗ ಒಂದು ವರ್ಷವೂ ನಡೆಯಲಿಲ್ಲ. ಆದರೆ ಅಲ್ಲಿ ದಿನವೂ ಬೈಬಲ್ ಓದುವ ರೂಢಿ ಆರಂಭವಾಯಿತು. ಮೊದಲು ಅದು ಒಳ್ಳೆಯ ಸಾಹಿತ್ಯವೆಂದು ಓದಿದರು. ಓದುತ್ತ ಓದುತ್ತ ಅದು ಪ್ರಾರ್ಥನೆಯಾಯಿತು.

ಆಮೇಲೆ ಬಂದದ್ದು ಕಠಿಣ ಕಾಲ. ಲಂಡನ್ನಿನ ಕೊಳೆಗೇರಿಯಲ್ಲಿ ಸೇವೆ, ಉಪವಾಸ, ರಾತ್ರಿಯಿಡೀ ಪ್ರಾರ್ಥನೆ, ಮನಸ್ಸಿನಲ್ಲಿ ದೊಡ್ಡ ಹೋರಾಟ. ಕಾರ್ಡಿನಲ್ ನ್ಯೂಮನ್ ಅವರ ಬರಹ ಓದಿ ಕಥೋಲಿಕ ಧರ್ಮಸಭೆಯ ಕಡೆಗೆ ಮನಸ್ಸು ತಿರುಗಿತು. ಆಂಗ್ಲಿಕನ್ ವಿಶ್ವಾಸಿಯಾಗಿದ್ದ ತಾಯಿಗೆ ಇದು ನೋವಿನ ಸಂಗತಿ. ಆದರೂ 1931ರ ಕ್ರಿಸ್ಮಸ್ ಹಿಂದಿನ ದಿನ ಪ್ರಿಂಕ್ನಾಷ್ ಮಠದಲ್ಲಿ ಅವರು ಕಥೋಲಿಕರಾದರು. ಮಧ್ಯರಾತ್ರಿಯ ಬಲಿಪೂಜೆಯಲ್ಲಿ ಪರಮಪ್ರಸಾದ ಸ್ವೀಕರಿಸಿದರು. ಮರುವರ್ಷ ಅದೇ ಮಠ ಸೇರಿ ಬೀಡ್ ಎಂಬ ಹೆಸರು ಪಡೆದರು. 1940ರಲ್ಲಿ ಗುರುದೀಕ್ಷೆಯಾಯಿತು.

ಬೆನೆಡಿಕ್ಟ್ ಮಠಗಳಲ್ಲಿ ಪವಿತ್ರಗ್ರಂಥ ಓದುವ ಒಂದು ಹಳೆಯ ಕ್ರಮವಿದೆ. ಸ್ವಲ್ಪವೇ ಓದಬೇಕು, ನಿಧಾನವಾಗಿ ಓದಬೇಕು. ಹಸು ಮೇವನ್ನು ಮೆಲುಕು ಹಾಕುವಂತೆ ಆ ಮಾತನ್ನು ಮನಸ್ಸಿನಲ್ಲಿ ಮೆಲುಕು ಹಾಕಬೇಕು, ಅದರಿಂದ ಪ್ರಾರ್ಥಿಸಬೇಕು, ಕೊನೆಗೆ ಸುಮ್ಮನೆ ದೇವರ ಮುಂದೆ ಇರಬೇಕು. ಇಪ್ಪತ್ತಕ್ಕೂ ಹೆಚ್ಚು ವರ್ಷ ಫಾದರ್ ಬೀಡ್ ಹೀಗೆ ಕೀರ್ತನೆಗಳನ್ನೂ ಶುಭಸಂದೇಶಗಳನ್ನೂ ಓದಿದರು. ಮುಂದೆ ಉಪನಿಷತ್ತುಗಳನ್ನು ಓದಿದ್ದೂ ಇದೇ ಕ್ರಮದಲ್ಲಿ. ವಾದಕ್ಕಾಗಿ ಅಲ್ಲ, ತಪ್ಪು ಹುಡುಕಲಿಕ್ಕಾಗಿ ಅಲ್ಲ, ಕುತೂಹಲ ತಣಿಸಲಿಕ್ಕೂ ಅಲ್ಲ. ಬೇರು ಆಳಕ್ಕೆ ಇಳಿದಿದ್ದರಿಂದಲೇ ಕೊಂಬೆಯನ್ನು ದೂರಕ್ಕೆ ಚಾಚಲು ಅವರಿಗೆ ಭಯವಾಗಲಿಲ್ಲ.

ಕೆಂಗೇರಿಯ ಪಾಠ

ಮಠದಲ್ಲಿದ್ದಾಗಲೂ ಪೂರ್ವದ ಗ್ರಂಥಗಳ ಅನುವಾದಗಳನ್ನು ಅವರು ಬಿಡಲಿಲ್ಲ. ಓದಿದಷ್ಟೂ ತಮ್ಮ ಆತ್ಮದ ಒಂದು ಭಾಗ ಇನ್ನೂ ಎಚ್ಚರಗೊಂಡಿಲ್ಲ, ಅದು ಭಾರತದಲ್ಲಿ ಸಿಕ್ಕೀತು ಎನ್ನುವ ಭಾವನೆ ಬಲವಾಯಿತು. ಭಾರತದಲ್ಲಿ ಮಠ ಕಟ್ಟಬೇಕೆಂದಿದ್ದ ಫಾದರ್ ಬೆನೆಡಿಕ್ಟ್ ಅಲಪಾಟ್ ಅವರ ಪರಿಚಯವಾಯಿತು. 1954ರಲ್ಲಿ ತಮ್ಮ ಆತ್ಮಕಥೆ 'ದ ಗೋಲ್ಡನ್ ಸ್ಟ್ರಿಂಗ್' ಪ್ರಕಟಿಸಿದ ಮರುವರ್ಷವೇ, ತಮ್ಮ 48ನೆಯ ವಯಸ್ಸಿನಲ್ಲಿ, ಅವರು ಹಡಗಿನಲ್ಲಿ ಬೊಂಬಾಯಿಗೆ ಬಂದಿಳಿದರು.

ಇಬ್ಬರೂ ಬೆಂಗಳೂರಿನ ಹೊರಗಿದ್ದ ಕೆಂಗೇರಿಯಲ್ಲಿ ಒಂದು ಪುಟ್ಟ ಮಠ ಆರಂಭಿಸಿದರು. ಫಾದರ್ ಬೀಡ್ ಸಂಸ್ಕೃತ ಕಲಿಯತೊಡಗಿದರು. ಆದರೆ ದೊಡ್ಡ ಪಾಠ ಪುಸ್ತಕದಿಂದ ಬರಲಿಲ್ಲ. ಮೇಜು, ಕುರ್ಚಿ, ಮಂಚ ಇಟ್ಟುಕೊಂಡು ತಾವು ಬಹಳ ಸರಳವಾಗಿ ಬಾಳುತ್ತಿದ್ದೇವೆಂದು ಅವರು ತಿಳಿದಿದ್ದರು. ಸುತ್ತಲಿನ ಹಳ್ಳಿಯವರನ್ನು ನೋಡಿದಾಗ ಅದು ಶ್ರೀಮಂತಿಕೆ ಎಂದು ತಿಳಿಯಿತು. ಆ ಜನ ನೆಲದ ಮೇಲೆ ಕುಳಿತು ಉಣ್ಣುತ್ತಿದ್ದರು, ಚಾಪೆಯ ಮೇಲೆ ಮಲಗುತ್ತಿದ್ದರು. ಅಷ್ಟು ಸಾಲದೆಂಬಂತೆ, ಬಡತನದ ನಡುವೆಯೂ ಅವರಲ್ಲಿ ದೇವರ ಸ್ಮರಣೆ ಉಸಿರಿನಷ್ಟು ಸಹಜವಾಗಿತ್ತು. ಅನುವಾದದಲ್ಲಿ ಓದಿದ ತ್ಯಾಗ, ವೈರಾಗ್ಯ ಎಂಬ ಪದಗಳಿಗೆ ಅರ್ಥಕೋಶ ಕೊಡದ ಅರ್ಥವನ್ನು ಕೆಂಗೇರಿಯ ನೆರೆಹೊರೆಯವರು ಕೊಟ್ಟರು.

ಕೆಂಗೇರಿಯ ಮಠ ನೆಲೆಯೂರಲಿಲ್ಲ. 1958ರಲ್ಲಿ ಬೆಲ್ಜಿಯಂ ದೇಶದ ಫಾದರ್ ಫ್ರಾನ್ಸಿಸ್ ಮಾಹ್ಯು ಅವರ ಜೊತೆಗೂಡಿ ಕೇರಳದ ಬೆಟ್ಟಗಳಲ್ಲಿ ಕುರಿಸುಮಲ ಆಶ್ರಮ ಕಟ್ಟಿದರು. ಅಲ್ಲಿ ಕಾವಿ ಉಟ್ಟರು, ಬರಿಗಾಲಲ್ಲಿ ನಡೆದರು, ನೆಲದ ಮೇಲೆ ಕುಳಿತು ಕೈಯಿಂದ ಉಂಡರು. ಪೂಜಾವಿಧಿ ಸಿರಿಯಾಕ್ ಸಂಪ್ರದಾಯದ್ದು. ಆ ಸಿರಿಯಾಕ್ ಪ್ರಾರ್ಥನೆಗಳನ್ನು ಫಾದರ್ ಬೀಡ್ ಇಂಗ್ಲಿಷಿಗೆ ತಂದರು. ಅನುವಾದಕರೂ ಆಗಿದ್ದ ಅವರಿಗೆ, ಒಂದು ಭಾಷೆಯ ಭಕ್ತಿಯನ್ನು ಇನ್ನೊಂದಕ್ಕೆ ಸಾಗಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದು ಸ್ವಂತ ಅನುಭವವೇ ಆಗಿತ್ತು.

ಅನುವಾದ ಸಾಕೇ?

ಇಲ್ಲಿ ನೀವು ಕೇಳಬಹುದು: ಮೂಲ ಸಂಸ್ಕೃತ ಬಾರದವರು ಅನುವಾದ ಓದಿ ಏನು ತಿಳಿದಾರು?

ಸ್ವಲ್ಪ ಯೋಚಿಸಿ. ನಮ್ಮ ಧರ್ಮಕೇಂದ್ರದಲ್ಲಿ ಹೀಬ್ರೂ, ಗ್ರೀಕ್ ಬಲ್ಲವರು ಎಷ್ಟು ಜನ? ಪ್ರತಿ ಭಾನುವಾರ ನಾವು ಆಲಿಸುವ ದೇವರ ವಾಕ್ಯ ಅನುವಾದವೇ ಅಲ್ಲವೇ? ಧರ್ಮಸಭೆ ಸಂತ ಜೆರೋಮರನ್ನು ಗೌರವಿಸುವುದು ಬೈಬಲನ್ನು ಲ್ಯಾಟಿನಿಗೆ ತಂದದ್ದಕ್ಕಾಗಿ. ಹಿಂದೂಗಳಲ್ಲೂ ಇದು ಹೊಸತಲ್ಲ. ಗಾಂಧೀಜಿಯವರು ಗೀತೆಯನ್ನು ಮೊದಲು ಓದಿದ್ದು ಲಂಡನ್ನಿನಲ್ಲಿ, ಎಡ್ವಿನ್ ಆರ್ನಾಲ್ಡರ ಇಂಗ್ಲಿಷ್ ಅನುವಾದದಲ್ಲಿ. ಅದೇ ಕಾಲದಲ್ಲಿ ಅವರು ಬೈಬಲ್ ಓದಿ, ಪ್ರಭು ಯೇಸುವಿನ ಪರ್ವತ ಪ್ರಸಂಗಕ್ಕೆ ಮನಸೋತರು. ಕನ್ನಡದಲ್ಲಿ ಡಿ. ವಿ. ಗುಂಡಪ್ಪನವರು ಗೀತೆಯ ತಾತ್ಪರ್ಯವನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿದ 'ಜೀವನಧರ್ಮಯೋಗ' ಬರೆದರು.

ಆದರೆ ಅನುವಾದ ಒಂದು ಕಿಟಕಿ, ಅದೇ ಮನೆಯಲ್ಲ. ಗೀತೆಯ ಇಂಗ್ಲಿಷ್ ಅನುವಾದವೊಂದರಲ್ಲಿ ದೇವರು, ಆತ್ಮ, ಬಲಿ, ಪಾಪ ಎಂಬ ಅರ್ಥದ ಪದಗಳು ಬಂದ ಕೂಡಲೇ ಕ್ರೈಸ್ತ ಓದುಗ ಅವಕ್ಕೆ ತನ್ನ ಧರ್ಮೋಪದೇಶದ ಅರ್ಥವನ್ನೇ ಹಚ್ಚಿಬಿಡುತ್ತಾನೆ. ಉಪನಿಷತ್ತಿನ ಆತ್ಮ ನಾವು ಹೇಳುವ ಆತ್ಮವೇ ಅಲ್ಲ. ಗೀತೆಯ ಯಜ್ಞ ನಮ್ಮ ಬಲಿಪೂಜೆಯಲ್ಲ. ಆದ್ದರಿಂದ ಫಾದರ್ ಬೀಡ್ ಅನುವಾದದ ಹಿಂದಿನ ಸಂಸ್ಕೃತ ಪದವನ್ನು ಹುಡುಕಿ, ಹಿಂದೂಗಳು ಅದನ್ನು ಹೇಗೆ ಅರ್ಥಮಾಡಿಕೊಳ್ಳುತ್ತಾರೆಂದು ಕೇಳಿ, ಆಮೇಲೆ ಕ್ರೈಸ್ತ ವಿಶ್ವಾಸದ ಬೆಳಕಿನಲ್ಲಿ ಧ್ಯಾನಿಸುತ್ತಿದ್ದರು. ಬೇರೊಬ್ಬರ ಮನೆಗೆ ಹೋದಾಗ ಚಪ್ಪಲಿ ಹೊರಗೆ ಬಿಡುತ್ತೇವಲ್ಲ, ಹಾಗೆ.

ಶಾಂತಿವನ

1968ರಲ್ಲಿ ಇಬ್ಬರು ಸಹೋದರರೊಂದಿಗೆ ಅವರು ತಮಿಳುನಾಡಿನ ಕುಳಿತಲೈ ಬಳಿಯ ತಣ್ಣೀರ್‌ಪಳ್ಳಿಗೆ ಬಂದರು. ಅಲ್ಲಿದ್ದ ಸಚ್ಚಿದಾನಂದ ಆಶ್ರಮವನ್ನು 1950ರಲ್ಲಿ ಸ್ಥಾಪಿಸಿದವರು ಫ್ರಾನ್ಸಿನ ಫಾದರ್ ಜೂಲ್ ಮೊಂಶಾನೆ ಮತ್ತು ಸ್ವಾಮಿ ಅಭಿಷಿಕ್ತಾನಂದರೆಂದು ಹೆಸರಾದ ಫಾದರ್ ಆಂರಿ ಲ ಸೋ. ಶಾಂತಿವನವೆಂದು ಜನ ಕರೆಯುವ ಆ ತೋಪಿನ ಬದಿಯಲ್ಲಿ, ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿ ಅಗಲವಾಗಿ ಹರಿಯುತ್ತಾಳೆ.

ಸತ್, ಚಿತ್, ಆನಂದ ಎಂಬ ಮೂರು ಮಾತುಗಳಲ್ಲಿ ಹಿಂದೂ ಚಿಂತನೆ ಪರಬ್ರಹ್ಮವನ್ನು ಹೇಳುತ್ತದೆ. ಬಂಗಾಳದ ಬ್ರಹ್ಮಬಾಂಧವ ಉಪಾಧ್ಯಾಯರು 1898ರಲ್ಲೇ ಈ ಮಾತುಗಳಿಂದ ಪವಿತ್ರ ತ್ರಿತ್ವವನ್ನು ಸ್ತುತಿಸುವ ಗೀತೆಯನ್ನು ರಚಿಸಿದ್ದರು. ಪಿತ, ಸುತ, ಪವಿತ್ರಾತ್ಮರ ಪ್ರೀತಿಯ ಬಾಳನ್ನು ಧ್ಯಾನಿಸಲು ಫಾದರ್ ಬೀಡ್ ಅವರಿಗೂ ಇದೇ ಹೆಸರು ದಾರಿಯಾಯಿತು.

ಆಶ್ರಮದಲ್ಲಿ ದಿನಕ್ಕೆ ಮೂರು ಬಾರಿ ಪ್ರಾರ್ಥನೆ. ಬೆಳಗ್ಗೆ ಗಂಧ, ಮಧ್ಯಾಹ್ನ ಕುಂಕುಮ, ಸಂಜೆ ವಿಭೂತಿ ಹಣೆಗೆ. ಮೊದಲು ವೇದ, ಉಪನಿಷತ್ತು ಅಥವಾ ಗೀತೆಯಿಂದ ಒಂದು ವಾಚನ. ನಂತರ ಕೀರ್ತನೆ ಮತ್ತು ಬೈಬಲ್ ವಾಚನ. ಈ ಕ್ರಮದಲ್ಲಿ ಒಂದು ಅರ್ಥವಿತ್ತು. ಈ ನಾಡಿನ ಋಷಿಗಳ ಹಂಬಲವನ್ನು ಮೊದಲು ಆಲಿಸಿ, ಅದನ್ನು ಹೊತ್ತುಕೊಂಡು ಕ್ರಿಸ್ತನ ಪಾದಕ್ಕೆ ಬರುವುದು. ದಿನನಿತ್ಯದ ಬಲಿಪೂಜೆ ಆಶ್ರಮದ ಹೃದಯವಾಗಿತ್ತು.

ಗೀತೆಯನ್ನು ಅವರು ಶ್ಲೋಕ ಶ್ಲೋಕವಾಗಿ ಆಶ್ರಮವಾಸಿಗಳಿಗೆ ವಿವರಿಸುತ್ತಿದ್ದರು. ಆ ಮಾತುಗಳು 1987ರಲ್ಲಿ 'ರಿವರ್ ಆಫ್ ಕಂಪ್ಯಾಷನ್' ಎಂಬ ಪುಸ್ತಕವಾದವು. ಫಲದ ಆಸೆಯಿಲ್ಲದೆ ಕರ್ತವ್ಯ ಮಾಡು ಎಂಬ ಬೋಧನೆಯನ್ನು ಓದುವಾಗ ಅವರು, ಬಲಗೈ ಮಾಡುವುದು ಎಡಗೈಗೆ ತಿಳಿಯದಿರಲಿ ಎಂಬ ಪ್ರಭುವಿನ ಉಪದೇಶದ ಆಳಕ್ಕೆ ಇಳಿದರು. ಭಕ್ತ ಪ್ರೀತಿಯಿಂದ ಅರ್ಪಿಸುವ ಎಲೆ, ಹೂವು, ನೀರನ್ನೂ ದೇವರು ಸ್ವೀಕರಿಸುತ್ತಾನೆ ಎನ್ನುವೆಡೆ, ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಕಾಸು ಹಾಕಿದ ಬಡ ವಿಧವೆ ನಮಗೆ ನೆನಪಾಗುವುದಿಲ್ಲವೇ? ಪರಮಾತ್ಮ ಹೃದಯದ ಗುಹೆಯಲ್ಲಿ ವಾಸಿಸುತ್ತಾನೆ ಎಂಬ ಉಪನಿಷತ್ತಿನ ಅರಿವಿನಿಂದ, ದೇವರು ನಮ್ಮೊಳಗೆ ಮನೆಮಾಡುತ್ತಾರೆ ಎಂಬ ಸಂತ ಯೊವಾನ್ನರ ಶುಭಸಂದೇಶದ ವಾಗ್ದಾನ ಅವರಿಗೆ ಹೊಸ ಬೆಳಕಿನಲ್ಲಿ ಕಂಡಿತು.

ವ್ಯತ್ಯಾಸವನ್ನೂ ಅವರು ಮರೆಮಾಚಲಿಲ್ಲ. ಅವತಾರಗಳು ಯುಗಯುಗಕ್ಕೂ ಬರುತ್ತವೆ. ಯೇಸು ಕ್ರಿಸ್ತರಾದರೋ ಇತಿಹಾಸದಲ್ಲಿ ಒಮ್ಮೆ ಹುಟ್ಟಿ, ಶಿಲುಬೆಯ ಮೇಲೆ ಸತ್ತು, ಪುನರುತ್ಥಾನರಾದವರು ಎಂದು ಸ್ಪಷ್ಟವಾಗಿ ಬೋಧಿಸಿದರು. ತಂದೆ ಮತ್ತು ಮಗನಲ್ಲಿ ಪ್ರೀತಿಯ ಸಂಬಂಧವಿದೆ, ಆ ಪ್ರೀತಿಯಲ್ಲಿ ನಾವು ಕರಗಿ ಇಲ್ಲವಾಗುವುದಿಲ್ಲ ಎಂಬುದು ಅವರ ದೃಢ ನಂಬಿಕೆ.

ಎರಡೂ ಕಡೆಯಿಂದ ಕಲ್ಲು

ಇಂಥ ದಾರಿಯಲ್ಲಿ ನಡೆದವರಿಗೆ ಹೂವಷ್ಟೇ ಸಿಗುವುದಿಲ್ಲ. ಕಥೋಲಿಕರಲ್ಲಿ ಹಲವರು ವಿಶ್ವಾಸ ಕಲಬೆರಕೆಯಾಗುತ್ತಿದೆ ಎಂದು ದೂರಿದರು. ಹಿಂದೂಗಳಲ್ಲಿ ಕೆಲವರು, ಕಾವಿ ಉಟ್ಟು ನಮ್ಮ ಗ್ರಂಥ ಓದುವುದು ಮತಾಂತರದ ಹೊಸ ಉಪಾಯವೇ ಎಂದು 1980ರ ದಶಕದಲ್ಲಿ ಪತ್ರಿಕೆಗಳಲ್ಲಿ ಕೇಳಿದರು. ಆ ಪ್ರಶ್ನೆಯನ್ನು ನಾವು ಹಗುರವಾಗಿ ಕಾಣಬಾರದು. ಇತರರಿಗೆ ಪವಿತ್ರವಾದದ್ದನ್ನು ಮುಟ್ಟುವಾಗ ನಮ್ಮ ಉದ್ದೇಶ ಶುದ್ಧವಾಗಿದೆಯೇ ಎಂದು ನಾವೇ ಮೊದಲು ಕೇಳಿಕೊಳ್ಳಬೇಕು. ಫಾದರ್ ಬೀಡ್ ಟೀಕಾಕಾರರಿಗೆ ಪತ್ರ ಬರೆದು ಉತ್ತರಿಸಿದರು, ಆಶ್ರಮದ ಬಾಗಿಲು ಮುಚ್ಚಲಿಲ್ಲ. ಅವರ ಎಲ್ಲ ಅಭಿಪ್ರಾಯಗಳನ್ನೂ ನಾವು ಒಪ್ಪಬೇಕೆಂದಿಲ್ಲ. ಪೂರ್ವದೇಶದ ಧ್ಯಾನವಿಧಾನಗಳ ಬಗ್ಗೆ 1989ರಲ್ಲಿ ರೋಮ್ ಎಚ್ಚರಿಕೆಯ ಪತ್ರ ಹೊರಡಿಸಿದಾಗ ಅವರು ಬಹಿರಂಗವಾಗಿಯೇ ಭಿನ್ನಮತ ಹೇಳಿದರು. ಆದರೂ ಕೊನೆಯುಸಿರಿನವರೆಗೂ ಧರ್ಮಸಭೆಯ ಮಗನಾಗಿ, ಗುರುವಾಗಿ, ಸನ್ಯಾಸಿಯಾಗಿ ಉಳಿದರು.

ಧರ್ಮಸಭೆ ಏನು ಹೇಳುತ್ತದೆ? 1964ರ ಡಿಸೆಂಬರ್‌ನಲ್ಲಿ ಬೊಂಬಾಯಿಗೆ ಬಂದ ಜಗದ್ಗುರು ಆರನೇ ಪೌಲರು, ಇತರ ಧರ್ಮಗಳ ಪ್ರತಿನಿಧಿಗಳ ಮುಂದೆ ಬೃಹದಾರಣ್ಯಕ ಉಪನಿಷತ್ತಿನ ಪ್ರಸಿದ್ಧ ಪ್ರಾರ್ಥನೆಯನ್ನು ಗೌರವದಿಂದ ಸ್ಮರಿಸಿದರು. ಮರುವರ್ಷ ಎರಡನೇ ವ್ಯಾಟಿಕನ್ ಮಹಾಸಭೆ, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದು ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲ ಎಂದು ಸಾರಿತು. ಬೈಬಲೇತರ ಗ್ರಂಥಗಳ ಸ್ಥಾನವೇನೆಂದು ಚರ್ಚಿಸಲು 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ವಿಚಾರಗೋಷ್ಠಿ ನಡೆಯಿತು. ಮರುವರ್ಷ ರೋಮ್‌ನಿಂದ ಬಂದ ಸೂಚನೆ, ಪೂಜಾವಿಧಿಯಲ್ಲಿ ಅವುಗಳ ವಾಚನ ಕೂಡದೆಂದಿತು. ದೇವಪ್ರೇರಿತ ಗ್ರಂಥವೆಂಬ ಹೆಸರು ಬೈಬಲಿಗೆ ಮಾತ್ರ ಸಲ್ಲುತ್ತದೆ, ಆದರೂ ಇತರ ಗ್ರಂಥಗಳಲ್ಲಿರುವ ಒಳಿತು ಮತ್ತು ಕೃಪೆಯ ಅಂಶಗಳು ಕ್ರಿಸ್ತನ ರಹಸ್ಯದಿಂದಲೇ ಬಂದವು ಎಂದು 2000ದಲ್ಲಿ ರೋಮ್ ಮತ್ತೆ ತಿಳಿಸಿತು. ಅಂದರೆ ಬಲಿಪೀಠದ ಬಳಿ ದೇವರ ವಾಕ್ಯಕ್ಕೆ ಮಾತ್ರ ಸ್ಥಾನ. ಮನೆಯಲ್ಲಿ, ಅಧ್ಯಯನದಲ್ಲಿ, ಸ್ನೇಹದ ಮಾತುಕತೆಯಲ್ಲಿ ಗೌರವದ ಓದಿಗೆ ಅಡ್ಡಿಯಿಲ್ಲ.

ಕೊನೆಯ ಪಾಠ

1990ರ ಜನವರಿಯಲ್ಲಿ ಫಾದರ್ ಬೀಡ್ ಅವರಿಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡ ಮೇಲೆ ಅವರು, ಬುದ್ಧಿಯಿಂದಲೇ ಬಾಳಿದ ತಮ್ಮನ್ನು ದೇವರು ತಾಯಿಯ ಪ್ರೀತಿಯಂತೆ ಆವರಿಸಿದರೆಂದು ಜನರಿಗೆ ತಿಳಿಸಿದರು. ನೋಡಿ, ಅರವತ್ತು ವರ್ಷ ಗ್ರಂಥಗಳನ್ನು ಓದಿದವರಿಗೆ ಕೊನೆಯಲ್ಲಿ ಉಳಿದದ್ದು ಪ್ರೀತಿ ಎಂಬ ಒಂದೇ ಪಾಠ. 1993ರ ಮೇ 13ರಂದು, ತಮ್ಮ 86ನೆಯ ವಯಸ್ಸಿನಲ್ಲಿ, ಶಾಂತಿವನದ ತಮ್ಮ ಗುಡಿಸಲಿನಲ್ಲಿ ಅವರು ಪ್ರಭುವಿನ ಬಳಿಗೆ ಹೋದರು. ವಿವಿಧ ಧರ್ಮಗಳ ಗ್ರಂಥಗಳಿಂದ ಅವರು ಆರಿಸಿದ ಭಾಗಗಳ ಸಂಕಲನ 'ಯೂನಿವರ್ಸಲ್ ವಿಸ್ಡಮ್' ಮರುವರ್ಷ ಪ್ರಕಟವಾಯಿತು.

ಈಗ ನಮ್ಮ ಮನೆಯ ಬಹುಮಾನದ ಪುಸ್ತಕಕ್ಕೆ ಮರಳೋಣ. ಮಗಳಿಗೆ ಏನು ಹೇಳುವಿರಿ? ಅದನ್ನು ಕಿತ್ತು ಅಟ್ಟಕ್ಕೆ ಎಸೆಯಬೇಡಿ. ಮೊದಲು ಅವಳಿಗೆ ಶುಭಸಂದೇಶ ಎಷ್ಟು ಗೊತ್ತಿದೆ ಎಂದು ಕೇಳಿ. ಆ ಪ್ರಶ್ನೆಯನ್ನು ನಿಮಗೂ ಕೇಳಿಕೊಳ್ಳಿ. ದಿನಕ್ಕೆ ಹತ್ತು ನಿಮಿಷ ಬೈಬಲ್ ಒಟ್ಟಿಗೆ ಓದುವ ರೂಢಿ ಇಲ್ಲದಿದ್ದರೆ ಇಂದೇ ಆರಂಭಿಸಿ. ಬೇರಿಲ್ಲದ ಗಿಡಕ್ಕೆ ಸಣ್ಣ ಗಾಳಿಯೂ ಅಪಾಯ. ಆಮೇಲೆ ಅವಳು ಆ ಗ್ರಂಥವನ್ನು ಓದಲಿ. ಸ್ವಲ್ಪ ಸ್ವಲ್ಪವಾಗಿ, ಆತುರವಿಲ್ಲದೆ, ಗೌರವದಿಂದ. ಅರ್ಥವಾಗದ ಪದವನ್ನು ತನಗೆ ತೋಚಿದಂತೆ ಅರ್ಥೈಸದೆ, ಪಕ್ಕದ ಮನೆಯ ಹಿರಿಯರನ್ನು ಕೇಳಲಿ. ಸಂಶಯ ಬಂದರೆ ಧರ್ಮಕೇಂದ್ರದ ಗುರುಗಳ ಹತ್ತಿರ ಮಾತಾಡಲಿ. ಎರಡೂ ಒಂದೇ ಎಂದು ಸುಲಭವಾಗಿ ಹೇಳಿಬಿಡುವುದೂ ಬೇಡ, ಅದರಲ್ಲಿ ಏನೂ ಇಲ್ಲ ಎಂದು ತೆಗಳುವುದೂ ಬೇಡ. ಓದಿ ಮುಗಿಸಿದ ಮೇಲೆ ಒಂದು ಪ್ರಶ್ನೆ ಕೇಳಿಕೊಳ್ಳಲಿ: ಈ ಓದು ನನ್ನನ್ನು ಹೆಚ್ಚು ಪ್ರಾರ್ಥಿಸುವವಳನ್ನಾಗಿ, ಹೆಚ್ಚು ಪ್ರೀತಿಸುವವಳನ್ನಾಗಿ ಮಾಡಿತೇ?

ಪಕ್ಕದ ಮನೆಯ ಹಿರಿಯರು ಅವಳ ಪ್ರಶ್ನೆಗೆ ಉತ್ತರ ಹೇಳುತ್ತ, ನಿಮ್ಮ ಬೈಬಲಿನಲ್ಲಿ ಇದಕ್ಕೆ ಏನು ಹೇಳಿದ್ದಾರಮ್ಮ ಎಂದು ಮರುಪ್ರಶ್ನೆ ಕೇಳಬಹುದು. ಅಂದು ಅವಳು ತಡವರಿಸದೆ ಉತ್ತರ ಕೊಡುವಂತಾಗಲಿ. ಅದಕ್ಕೆ ಬೇಕಾದ ಸಿದ್ಧತೆ ನಮ್ಮ ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲೇ ಆಗಬೇಕು.